ಸವೆಯದ ಬ್ರೇಕು

ಹೊಂಕಾಮಾ ಸುಣ್ಣಕಲ್ಲು ಗಣಿ
ವಿದ್ಯುತ್ ನಿರ್ವಹಣಾ ವಿಭಾಗ
14 ಏಪ್ರಿಲ್ 2009

ಮಾನ್ಯ ಉರ್ಹೊ ತಿಯೆನ್ಸು ಅವರಿಗೆ,

ನಮ್ಮ ಗಣಿಯ ಎರಡನೇ ಶಾಫ್ಟಿನಲ್ಲಿ ಜನರನ್ನೂ ಸಾಮಾನನ್ನೂ ಇಳಿಸುವ ಕೇಜಿನ ಮೋಟಾರು 1995ರಲ್ಲಿ ನೀವು ಕೂಡಿಸಿದ ಡ್ರೈವಿನಿಂದ ನಡೆಯುತ್ತಿದೆ. ಮೋಟಾರಿಗೆ ಎಷ್ಟು ವೇಗ, ಎಷ್ಟು ಬಲ ಎಂದು ಹೇಳುವ ಈ ಪೆಟ್ಟಿಗೆ ಈ ಚಳಿಗಾಲದಲ್ಲಿ ಮೂರು ಬಾರಿ ತಾನಾಗಿ ನಿಂತಿದೆ. ಇದರ ಬಿಡಿಭಾಗಗಳು ಈಗ ತಯಾರಾಗುತ್ತಿಲ್ಲ. ಅದೇ ಕಂಪನಿಯ ಹೊಸ ಪೆಟ್ಟಿಗೆಯನ್ನು ಜೂನ್ ತಿಂಗಳಲ್ಲಿ ಹಾಕಲಿದ್ದೇವೆ.

ಹಳೆಯ ಡ್ರೈವಿನ ಸೆಟ್ಟಿಂಗುಗಳನ್ನು ಬರೆದುಕೊಳ್ಳಲು ಹೋದಾಗ ಒಂದು ಗುಂಪು ಮಾತ್ರ ತೆರೆಯಲಿಲ್ಲ. ನಾಲ್ಕು ಅಂಕಿಯ ಸಂಕೇತ ಕೇಳುತ್ತದೆ. ಅದು ಕೂಡಿಸಿದವರಿಗಷ್ಟೇ ಗೊತ್ತು ಎಂದು ಕಂಪನಿ ಹೇಳುತ್ತದೆ. ಪೆಟ್ಟಿಗೆಯ ಬಾಗಿಲ ಒಳಗೆ ನಿಮ್ಮ ಹೆಸರೂ ಸಹಿಯೂ ಇವೆ. ದಯವಿಟ್ಟು ಆ ಸಂಕೇತ ಕಳುಹಿಸಿ.

ಇತಿ,
ಸೈಲಾ ಅಹ್ವೆನ್ಲಂಪಿ
ವಿದ್ಯುತ್ ಮೇಲ್ವಿಚಾರಕಿ

(ಕೈಬರಹದಲ್ಲಿ) ಅಣ್ಣ, ಟೈಪು ಮಾಡಿದ್ದು ಕಚೇರಿಗಾಗಿ. ಫೋನು ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀನು ಉಸಿರಾಡುವುದನ್ನಷ್ಟೇ ಕೇಳಿ ನನಗೆ ಸಾಕಾಗಿದೆ. ಕಾಗದದ ಮೇಲಾದರೂ ಉತ್ತರ ಕೊಡು. ನಿನ್ನ ಭಾವಮೈದುನ ಕೌಕೊ ಚೆನ್ನಾಗಿದ್ದಾನೆ, ಕೆಳಗಿನ ಪಂಪುಗಳನ್ನು ಈಗಲೂ ಅವನೇ ನೋಡಿಕೊಳ್ಳುವುದು.


ಕಸ್ಕಿನೆನ್
29 ಏಪ್ರಿಲ್ 2009

ಸೈಲಾ,

ಅಣ್ಣನನ್ನು ಮಾನ್ಯ ಎಂದು ಕರೆದ ಮೊದಲ ತಂಗಿ ನೀನೇ ಇರಬೇಕು. ಆ ಕಾಗದವನ್ನು ಅಡುಗೆಮನೆಯ ಕ್ಯಾಲೆಂಡರಿನ ಕೆಳಗೆ ಸಿಕ್ಕಿಸಿದ್ದೇನೆ.

ಸಂಕೇತ ನೆನಪಿಲ್ಲ. ಹದಿನಾಲ್ಕು ವರ್ಷವಾಯಿತು. ಆ ದಿನಗಳಲ್ಲಿ ವರ್ಷಕ್ಕೆ ಅರವತ್ತು ಪೆಟ್ಟಿಗೆ ಕೂಡಿಸುತ್ತಿದ್ದೆ. ಕಾಗದದ ಕಾರ್ಖಾನೆ, ಗರಗಸದ ಮಿಲ್ಲು, ಹಡಗುಕಟ್ಟೆಯ ಕ್ರೇನು, ಎಲ್ಲವೂ ತಲೆಯಲ್ಲಿ ಕಲಸಿಹೋಗಿವೆ.

ನನ್ನ ಮಾತು ಕೇಳುವುದಾದರೆ ಹಳೆಯ ಡ್ರೈವನ್ನೇ ಇಟ್ಟುಕೊಳ್ಳಿ. ತಾನಾಗಿ ನಿಲ್ಲುವುದು ಬಹುಶಃ ಫ್ಯಾನಿನ ದೋಷ. ಪೋರಿಯ ಒಂದು ಗುಜರಿ ಅಂಗಳದಲ್ಲಿ ಅದೇ ಮಾದರಿಯವು ಎರಡು ಬಿದ್ದಿವೆ. ಫ್ಯಾನು, ಕಾರ್ಡು ಕಳಚಿ ಪಾರ್ಸೆಲ್ ಮಾಡುತ್ತೇನೆ. ಇನ್ನೂ ಹತ್ತು ವರ್ಷ ನಡೆಯುತ್ತದೆ.

ಆ ಕೇಜಿನಲ್ಲಿ ಈಗ ಒಂದು ಸಲಕ್ಕೆ ಎಷ್ಟು ಜನ ಇಳಿಯುತ್ತಾರೆ? ಭಾರದ ಸಾಮಾನು ಇಳಿಸುತ್ತೀರಾ? ಸುಮ್ಮನೆ ಕೇಳಿದೆ.

ಬಂದರಿನಲ್ಲಿ ಹಿಮ ಕರಗಿದೆ. ನನ್ನ ಮೊಣಕಾಲು ಹಾಗೇ ಇದೆ.

ಉರ್ಹೊ


ಹೊಂಕಾಮಾ
11 ಮೇ 2009

ಅಣ್ಣ,

ಪಾರ್ಸೆಲ್ ಬಂತು. ಫ್ಯಾನು ಬದಲಿಸಿದೆ. ಮೂರನೆಯ ದಿನ ಕೇಜು ಮತ್ತೆ ನಡುವೆ ನಿಂತಿತು, ಒಳಗೆ ಕೌಕೊ ಮತ್ತು ಇಬ್ಬರು. ನಲವತ್ತು ನಿಮಿಷ ಕತ್ತಲಲ್ಲಿ ನೇತಾಡಿದರು. ಕೌಕೊ ಮೇಲೆ ಬಂದವನೇ ಕಾಫಿ ಕೋಣೆಯಲ್ಲಿ ಎಲ್ಲರ ಎದುರು ಹೇಳಿದ: "ನಮ್ಮ ಭಾವ ಗುಜರಿಯಿಂದ ಫ್ಯಾನು ಕಳಿಸವ್ನೆ. ಮದ್ವೆಗೆ ಬರ್ಲಿಲ್ವಲ್ಲ, ಇದು ಆ ಉಡುಗೊರೆ ಅಂತ ಇಟ್ಕೋತೀನಿ." ಎಲ್ಲರೂ ನಕ್ಕರು. ನಾನು ನಗಲಿಲ್ಲ.

ಆದ್ದರಿಂದ ಹೊಸ ಡ್ರೈವು ಬರುವುದು ಖಚಿತ. ನಿನ್ನ ಸಂಕೇತ ಇಲ್ಲದಿದ್ದರೂ ನಡೆಯುತ್ತದಂತೆ. ಕಂಪನಿಯ ಮಾರಾಟದವರು ಬಂದಿದ್ದರು. ಕೈಯಲ್ಲಿ ಹಿಡಿಯುವ ಸಣ್ಣ ಪ್ಯಾನಲ್ ಇದೆ. ಹಳೆಯ ಡ್ರೈವಿಗೆ ಸಿಕ್ಕಿಸಿದರೆ ಸೆಟ್ಟಿಂಗುಗಳನ್ನು ಅದು ನಕಲು ಮಾಡಿಕೊಳ್ಳುತ್ತದೆ, ಹೊಸದಕ್ಕೆ ಸಿಕ್ಕಿಸಿದರೆ ಇಳಿಸುತ್ತದೆ. "ಹತ್ತು ನಿಮಿಷದ ಕೆಲ್ಸ ಮೇಡಂ, ಕಾಫಿ ಆರೋದ್ರೊಳಗೆ ಆಗೋಗತ್ತೆ" ಎಂದರು. ಬೀಗ ಹಾಕಿದ ಗುಂಪಿನ ವಿಷಯ ಕೇಳಿದೆ. "ಎಲ್ಲಾ ಬರತ್ತೆ, ತಲೆ ಕೆಡಿಸ್ಕೋಬೇಡಿ" ಎಂದರು.

ನೀನು ಕೇಳಿದ್ದಕ್ಕೆ ಉತ್ತರ: ಸಾಮಾನ್ಯವಾಗಿ ಮೂರು ನಾಲ್ಕು ಜನ. ಆದರೆ ಜುಲೈ ಆರರಂದು ಹೊಸ ಪಂಪು ಇಳಿಸಬೇಕು, ಕೆಳಹಂತದ ನೀರಿಗೆ ಹಳೆಯವು ಸಾಲುತ್ತಿಲ್ಲ. ಪಂಪೊಂದೇ ಎರಡು ಟನ್ ಹತ್ತಿರ ಇದೆ. ಅದು ಗೋಡೆಗೆ ತಾಗದಂತೆ ನೋಡಿಕೊಳ್ಳಲು ಕೌಕೊ ಮತ್ತು ಇನ್ನೊಬ್ಬ ಜೊತೆಯಲ್ಲೇ ಇಳಿಯುತ್ತಾರೆ.

ಡ್ರೈವು ಹಳೆಯದಾದರೂ ಬ್ರೇಕು ಮಾತ್ರ ಅದ್ಭುತ. ಮೊನ್ನೆ ಕವಚ ಬಿಚ್ಚಿ ಅಳೆದೆ. ಹದಿನಾಲ್ಕು ವರ್ಷ ನಡೆದರೂ ಪ್ಯಾಡುಗಳು ಕೂದಲೆಳೆಯಷ್ಟೂ ಸವೆದಿಲ್ಲ. ನಮ್ಮ ಮ್ಯಾನೇಜರ್ ರಂತಾಲ ಬೆರಳಿನಿಂದ ಸವರಿ ನೋಡಿ, "ಆಗಿನ ಕಾಲದ ಕಬ್ಬಿಣಾನೇ ಬೇರೆ ಕಣಮ್ಮ" ಎಂದರು. ಅಷ್ಟರಮಟ್ಟಿಗೆ ನೀನು ಒಳ್ಳೆಯ ಕೆಲಸ ಮಾಡಿ ಹೋಗಿದ್ದೀಯ.

ನಿನ್ನ ಮೊಣಕಾಲಿಗೆ ವೈದ್ಯರಿದ್ದಾರೆ.

ಸೈಲಾ


ಕಸ್ಕಿನೆನ್
18 ಮೇ 2009

ಸೈಲಾ,

ಪ್ಯಾಡುಗಳನ್ನು ಸರಿಯಾಗಿ ಅಳೆದೆಯಾ? ಎರಡೂ ಬದಿ? ಯಾವ ಉಪಕರಣದಿಂದ?

ಒಂದು ಕೆಲಸ ಮಾಡು. ಕೇಜಿಗೆ ಪೂರ್ತಿ ಭಾರ ತುಂಬಿ, ಜನ ಯಾರೂ ಇರಬಾರದು, ಬ್ರೇಕು ಹಿಡಿಯುತ್ತದೆಯೇ ಎಂದು ಪರೀಕ್ಷೆ ಮಾಡಿಸು. ಆದರೆ ನಿಲ್ಲಿಸುವ ಗುಂಡಿ ಒತ್ತಿ ಅಲ್ಲ. ಡ್ರೈವಿಗೆ ಬರುವ ವಿದ್ಯುತ್ತನ್ನೇ ಮುಖ್ಯ ಸ್ವಿಚ್ಚಿನಲ್ಲಿ ಕಡಿದು. ಬರೀ ಬ್ರೇಕು. ಬೇರೆ ಏನೂ ಇರಬಾರದು.

ಏಕೆ ಎಂದು ಕೇಳಬೇಡ. ಹಳೆಯ ಕೆಲಸಗಾರನ ಹುಚ್ಚು ಎಂದುಕೋ.

ಉರ್ಹೊ


ಹೊಂಕಾಮಾ
5 ಜೂನ್ 2009

ಅಣ್ಣ,

ಸರ್ಕಾರಿ ತನಿಖಾಧಿಕಾರಿ ಬುಧವಾರ ಬಂದು ವಾರ್ಷಿಕ ಪರೀಕ್ಷೆ ಮುಗಿಸಿದರು. ಪೂರ್ತಿ ಭಾರ ತುಂಬಿ, ಶಾಫ್ಟಿನ ಬಾಯಲ್ಲಿ ಕೇಜನ್ನು ತೂಗಿಸಿ, ನಿಲ್ಲಿಸುವ ಗುಂಡಿ ಒತ್ತಿ, ಹದಿನೈದು ನಿಮಿಷ ಕಾದೆವು. ಸೀಮೆಸುಣ್ಣದಲ್ಲಿ ಎಳೆದ ಗೆರೆಯಿಂದ ಕೇಜು ಒಂದು ಕೂದಲಷ್ಟೂ ಇಳಿಯಲಿಲ್ಲ. ಪ್ರತಿ ವರ್ಷದಂತೆ ಈ ವರ್ಷವೂ ತೇರ್ಗಡೆ.

ಮುಖ್ಯ ಸ್ವಿಚ್ಚು ತೆಗೆದು ನೋಡೋಣವೇ ಎಂದು ಕೇಳಿದೆ. ರಂತಾಲ ಹುಬ್ಬೇರಿಸಿದರು. ಆ ಸ್ವಿಚ್ಚಿನ ಮೇಲೇ ಕೆಳಗಿನ ಪಂಪುಗಳೂ ಇವೆ. ಅದನ್ನು ತೆಗೆದರೆ ಗಂಟೆಯೊಳಗೆ ಕೆಳಹಂತದಲ್ಲಿ ಮೊಣಕಾಲಷ್ಟು ನೀರು. "ಯಾರು ಹೇಳಿದ್ದು ಹಿಂಗೆ ಮಾಡಿ ಅಂತ?" ಎಂದು ಅಧಿಕಾರಿ ಕೇಳಿದರು. "ಇದನ್ನ ಕೂಡಿಸಿದೋರು" ಎಂದೆ. "ಅವ್ರೇ ಬರ್ದಿರೋ ವರದಿ ಇದೆ ನೋಡಿ ನನ್ನ ಹತ್ರ, 'ಬ್ರೇಕ್ ಹಿಡಿದಿದೆ' ಅಂತ. ಈಗ ಅವ್ರಿಗೇ ಅವ್ರ ಮೇಲೆ ನಂಬಿಕೆ ಇಲ್ವಾ?" ಎಂದು ನಕ್ಕರು. ನನಗೆ ಮುಖ ಎಲ್ಲಿ ಇಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಕೌಕೊ ಮಾತ್ರ ನಗಲಿಲ್ಲ. ರಾತ್ರಿ ಊಟಕ್ಕೆ ಕೂತಾಗ ಕೇಳಿದ, "ನಿಮ್ಮಣ್ಣ ಸುಮ್ಸುಮ್ನೆ ಕಾಗ್ದ ಬರೆಯೋ ಮನುಷ್ಯನೇ ಅಲ್ಲ. ಏನಂತೆ ಅವನ್ದು?" ನನಗೆ ಗೊತ್ತಿಲ್ಲ ಎಂದೆ. ನಿಜವಾಗಿಯೂ ಗೊತ್ತಿಲ್ಲ.

ನಿನಗೆ ಏನಾದರೂ ಗೊತ್ತಿದ್ದರೆ ಹೇಳಿಬಿಡು. ನಮ್ಮ ಮದುವೆಗೆ ಬರಲಿಲ್ಲ, ಅಮ್ಮನ ಮಣ್ಣಿಗೆ ಬರಲಿಲ್ಲ. ಅದಕ್ಕೂ ನಾನು ಕಾರಣ ಕೇಳಿರಲಿಲ್ಲ. ಇದಕ್ಕೆ ಕೇಳುತ್ತಿದ್ದೇನೆ.

ಸೈಲಾ


ಹೊಂಕಾಮಾ
18 ಜೂನ್ 2009

ಅಣ್ಣ,

ನೀನು ಉತ್ತರ ಬರೆಯಲಿಲ್ಲ. ಇರಲಿ. ಇನ್ನು ಸಂಕೇತ ಬೇಕಾಗಿಲ್ಲ.

ನಡುಬೇಸಿಗೆಯ ಯುಹನ್ನುಸ್ ಹಬ್ಬದ ರಜೆಗೆ ಗಣಿ ಮುಚ್ಚಿದ್ದರಿಂದ ನಿನ್ನೆಯೂ ಇವತ್ತೂ ಸೇರಿ ಡ್ರೈವ್ ಬದಲಿಸಿದೆವು. ಹಳೆಯದಕ್ಕೆ ಪ್ಯಾನಲ್ ಸಿಕ್ಕಿಸಿ ನಕಲು ತೆಗೆದೆ, ಹೊಸದಕ್ಕೆ ಇಳಿಸಿದೆ. ಪರದೆಯ ಮೇಲೆ ಪಟ್ಟಿ ತುದಿಯವರೆಗೆ ಓಡಿತು, ಆಮೇಲೆ 'ವಲ್ಮಿಸ್' ಎಂದು ಬಂತು, ಅಂದರೆ ಮುಗಿಯಿತು. ಮಾರಾಟದವರು ಹೇಳಿದಂತೆ ಹತ್ತೇ ನಿಮಿಷ. ಬೀಗ ಹಾಕಿದ ಗುಂಪಿನ ಬಗ್ಗೆ ಯಾವ ತಕರಾರೂ ಬರಲಿಲ್ಲ. ಕಡತದಲ್ಲಿ 'ಸೆಟ್ಟಿಂಗುಗಳು ಪೂರ್ತಿ ವರ್ಗಾವಣೆ' ಎಂದು ಬರೆದು ಸಹಿ ಹಾಕಿದೆ.

ಮಧ್ಯಾಹ್ನ ಕೌಕೊ ಮತ್ತು ಇನ್ನಿಬ್ಬರು ಹತ್ತಿ ಇಳಿದು ನೋಡಿದರು. ಹಳೆಯದಕ್ಕಿಂತ ನಯ, ಸದ್ದೇ ಇಲ್ಲ. ಒಂದೇ ವ್ಯತ್ಯಾಸ: ನಿಂತ ಕೇಜು ಮತ್ತೆ ಹೊರಡುವಾಗ ಮೊದಲು ಒಂದು ಬೆರಳಷ್ಟು ಕೆಳಕ್ಕೆ ಕೂತು ಆಮೇಲೆ ಏಳುತ್ತದೆ. ಕೌಕೊ ಹೇಳುತ್ತಾನೆ, "ಹಳೇದಕ್ಕೆ ಸೊಕ್ಕಿತ್ತು. ಇದಕ್ಕೆ ಮರ್ಯಾದೆ ಗೊತ್ತು, ನಮ್ಮನ್ನ ಕಂಡು ಮಂಡಿ ಬಗ್ಗಿಸ್ತದೆ." ಎರಡು ದಿನ ನೋಡಿ ಅದನ್ನೂ ಸರಿಮಾಡುತ್ತೇನೆ.

ನಾಳೆ ಸರೋವರದ ಕಡೆ ಹೋಗುತ್ತೇವೆ. ಹೊಸ ಆಲೂಗಡ್ಡೆ, ಹೆರ್ರಿಂಗ್ ಮೀನು ಕೊಂಡಿದ್ದೇನೆ. ಸೌನಾದ ಹಬೆಸ್ನಾನಕ್ಕೆ ಸೌದೆ ಒಡೆಯುವ ಸದ್ದು ಹಿತ್ತಲಿನಿಂದ ಕೇಳುತ್ತಿದೆ.

ಸೈಲಾ


ಕಸ್ಕಿನೆನ್
23 ಜೂನ್ 2009

ಸೈಲಾ,

ರಜೆಯಿಂದಾಗಿ ನಿನ್ನ ಕಾಗದ ಇವತ್ತು ಬೆಳಿಗ್ಗೆ ಸಿಕ್ಕಿತು. ನಿಂತುಕೊಂಡೇ ಓದಿದೆ.

ಮೊದಲು ಮುಖ್ಯವಾದದ್ದು. ಆ ಕೇಜಿಗೆ ಭಾರ ಹಾಕಬೇಡಿ. ಕೌಕೊನನ್ನು ಅದರಲ್ಲಿ ಇಳಿಸಬೇಡ. ಯಾರನ್ನೂ ಇಳಿಸಬೇಡ.

'ವಲ್ಮಿಸ್' ಎಂದರೆ ನಕಲು ಮುಗಿಯಿತು ಎಂದಲ್ಲ. ಕೆಲಸ ಮುಗಿದರೂ ನಾವು ವಲ್ಮಿಸ್ ಎನ್ನುತ್ತೇವೆ, ಹೊರಡಲು ತಯಾರಾದರೂ ವಲ್ಮಿಸ್ ಎನ್ನುತ್ತೇವೆ. ಅಡುಗೆಯೂ ವಲ್ಮಿಸ್, ಓಟದ ಗೆರೆಯ ಮೇಲೆ ನಿಂತವನೂ ವಲ್ಮಿಸ್. ಆ ಪ್ಯಾನಲ್ ಎರಡನೆಯ ಅರ್ಥದಲ್ಲಿ ಹೇಳುತ್ತದೆ: ಮೋಟಾರು ಹೊರಡಲು ತಯಾರು ಎಂದು. ನಕಲು ಪೂರ್ತಿಯಾದರೆ ಅದು 'ನಕಲಾಯಿತು' ಎಂದು ಬೇರೆ ಪದ ತೋರಿಸುತ್ತದೆ. ಬೀಗ ಹಾಕಿದ ಗುಂಪನ್ನು ಅದು ಮುಟ್ಟುವುದಿಲ್ಲ, ಮುಟ್ಟಲಿಲ್ಲ ಎಂದೂ ಹೇಳುವುದಿಲ್ಲ. ಹೊಸದರಲ್ಲಿ ಕಾರ್ಖಾನೆಯಿಂದ ಬಂದ ಅಂಕಿಗಳೇ ಉಳಿಯುತ್ತವೆ. ಕೆಲಸಕ್ಕೆ ಸೇರಿದವರಿಗೆ ನಾವು ಮೊದಲ ವಾರವೇ ಇದನ್ನು ಹೇಳಿಕೊಡುತ್ತಿದ್ದೆವು. ನೀನು ಡ್ರೈವಿನವಳಲ್ಲ, ನಿನಗೆ ಯಾರು ಹೇಳುತ್ತಾರೆ? ತಪ್ಪು ನಿನ್ನದಲ್ಲ.

ಆ ಗುಂಪಿನಲ್ಲಿ ಇರುವುದನ್ನು ಈಗ ಹೇಳುತ್ತೇನೆ.

1995ರ ಸೆಪ್ಟೆಂಬರಿನಲ್ಲಿ ಭಾರ ತುಂಬಿ ಪರೀಕ್ಷೆ ಮಾಡಿದಾಗ ಬ್ರೇಕು ಹಿಡಿಯಲಿಲ್ಲ. ಒಂದೂವರೆ ಟನ್ನಿನವರೆಗೆ ಸರಿ. ದಾಟಿದರೆ ಮೊದಲು ಹಿಡಿಯುತ್ತದೆ, ಆಮೇಲೆ ಮೆಲ್ಲಗೆ ಜಾರಲು ಶುರು. ಅಳತೆ ತಪ್ಪಾಗಿ ಚಿಕ್ಕ ಬ್ರೇಕು ಬಂದಿತ್ತು. ಬೇರೆ ಬರಲು ಹತ್ತು ವಾರ. ಶಾಫ್ಟಿನ ಉದ್ಘಾಟನೆ ಮರು ಸೋಮವಾರ. ಆಗಿನ ಮ್ಯಾನೇಜರ್ ಬಾಗಿಲಲ್ಲಿ ತಲೆ ಹಾಕಿ, "ಹಿಡೀತಾ ಉರ್ಹೊ?" ಎಂದರು. ಒಳಗೆ ಬರಲೂ ಇಲ್ಲ. "ಹಿಡೀತು" ಎಂದೆ. ವರದಿಯಲ್ಲಿ ಹಾಗೇ ಬರೆದೆ.

ಬ್ರೇಕು ಬೀಳುವುದಕ್ಕೆ ಮುಂಚೆಯೂ ಬಿದ್ದ ಮೇಲೂ ಮೋಟಾರೇ ಭಾರ ಹೊತ್ತು ನಿಲ್ಲುವಂತೆ ಡ್ರೈವಿನಲ್ಲಿ ಬರೆದೆ. ಕೇಜು ನಿಂತಿದೆ ಎಂದು ನೀವು ಅಂದುಕೊಂಡ ಪ್ರತಿ ಸಲವೂ ಮೋಟಾರು ಅದನ್ನು ಹಿಡಿದುಕೊಂಡಿತ್ತು. ನಿಲ್ಲಿಸುವ ಗುಂಡಿ ಒತ್ತಿದರೂ ಹಿಡಿದುಕೊಂಡಿತ್ತು, ವಿದ್ಯುತ್ ಇರುವವರೆಗೆ. ಅಧಿಕಾರಿ ಪ್ರತಿ ವರ್ಷ ಪರೀಕ್ಷಿಸಿದ್ದು ಮೋಟಾರನ್ನು. ಪ್ಯಾಡು ಏಕೆ ಸವೆದಿಲ್ಲ ಎಂದು ಈಗ ನಿನಗೆ ತಿಳಿಯುತ್ತದೆ. ಆ ಬ್ರೇಕು ಹದಿನಾಲ್ಕು ವರ್ಷದಲ್ಲಿ ಪೂರ್ತಿ ಭಾರ ಹೊತ್ತದ್ದೇ ಇಲ್ಲ; ಡ್ರೈವು ತಾನಾಗಿ ನಿಂತಾಗ ಹೊತ್ತದ್ದು ಮೂರು ನಾಲ್ಕು ಜನರನ್ನಷ್ಟೇ.

ಹೊಸ ಬ್ರೇಕು ಬಂದ ಮೇಲೆ ಇದನ್ನು ತೆಗೆದುಹಾಕುವುದು ಎಂದುಕೊಂಡಿದ್ದೆ. ಅಲ್ಲಿಯವರೆಗೆ ಯಾರೂ ಕೈಹಾಕದಿರಲಿ ಎಂದು ಬೀಗ ಹಾಕಿದೆ. ಆದರೆ ಹಿಡಿದಿದೆ ಎಂದು ಬರೆದ ಬ್ರೇಕಿಗೆ ಬದಲಿ ತರಿಸುವವರು ಯಾರು?

ಒಂದು ನವೆಂಬರಿನಲ್ಲಿ ಬಿರುಗಾಳಿಗೆ ನಿಮ್ಮ ಕಡೆ ಮೂರು ದಿನ ವಿದ್ಯುತ್ ಇಲ್ಲ ಎಂದು ರೇಡಿಯೋದಲ್ಲಿ ಕೇಳಿದೆ. ಆ ಮೂರು ದಿನ ರೇಡಿಯೋ ಆರಿಸಲಿಲ್ಲ. ನಿನ್ನ ಮದುವೆಗೆ ಬಂದಿದ್ದರೆ ಕೌಕೊನ ಕೈ ಕುಲುಕಬೇಕಿತ್ತು.

ಸಂಕೇತ 4417. ಆ ಗುಂಪಿನ ಸೆಟ್ಟಿಂಗುಗಳ ಅಂಕಿಗಳನ್ನು ಹಿಂದಿನ ಹಾಳೆಯಲ್ಲಿ ಬರೆದಿದ್ದೇನೆ. ಆದರೆ ಅವನ್ನು ಹಾಕಿ ಸುಮ್ಮನಾಗಬೇಡ. ಬ್ರೇಕು ಬದಲಿಸಿ.

30 ಜೂನ್. ಈ ಕಾಗದ ಇನ್ನೂ ಮೇಜಿನ ಮೇಲಿದೆ. ಇದನ್ನು ಅಂಚೆಗೆ ಹಾಕಿದ ದಿನ ನಾನು ಏನಾಗುತ್ತೇನೆ ಎಂದು ಯೋಚಿಸುತ್ತಾ ಕೂತೆ. ಎರಡು ಸಲ ಫೋನು ಮಾಡಿದೆ. ಎರಡೂ ಸಲ ಎತ್ತಿದ್ದು ಕೌಕೊ. "ಅಹ್ವೆನ್ಲಂಪಿ" ಎಂದು ಮನೆತನದ ಹೆಸರು ಹೇಳಿದ. ಅವನ ಹಿಂದೆ ಪಾತ್ರೆಯ ಸದ್ದು ಕೇಳಿತು. ಇಟ್ಟುಬಿಟ್ಟೆ. ನಾಳೆ ಖಂಡಿತ ಅಂಚೆಗೆ ಹಾಕುತ್ತೇನೆ.

ಉರ್ಹೊ


ಹೊಂಕಾಮಾ
10 ಜುಲೈ 2009

ಅಣ್ಣ,

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ತನಿಖೆಯವರಿಗೂ ಇದನ್ನೇ ಬರೆದುಕೊಟ್ಟಿದ್ದೇನೆ.

ನಿನ್ನ ಕಾಗದ ಶುಕ್ರವಾರ, ಮೂರನೇ ತಾರೀಕು ಮಧ್ಯಾಹ್ನ ಬಂತು. ಕೌಕೊ ಆಗ ಕೆಳಗಿದ್ದ. ಕೇಜನ್ನು ಬಿಟ್ಟು ಮೆಟ್ಟಿಲಿನಲ್ಲೇ ಬಾ ಎಂದು ಕೆಳಗಿನ ಫೋನಿಗೆ ಹೇಳಿದೆ. "ಇನ್ನೂರು ಮೀಟರಾ? ಏನೇ, ಹುಚ್ಚಾ ನಿಂಗೆ?" ಎಂದ. ಬಾ ಎಂದೆ. ನನ್ನ ದನಿ ಕೇಳಿ ಫೋನು ಇಟ್ಟ. ಮುಕ್ಕಾಲು ಗಂಟೆ ಹತ್ತಿ ಬಂದು, ಏದುಸಿರಿನಲ್ಲೇ ನಿನ್ನ ಕಾಗದ ಓದಿದ. ಮಡಿಸಿ ಕೈಗೆ ಕೊಟ್ಟ.

ರಂತಾಲರಿಗೆ ತೋರಿಸಿದೆ. ಅವರು ಓದಿ ಕನ್ನಡಕ ತೆಗೆದು ಒರೆಸಿದರು. "ಸೈಲಾ, ಒಂದು ತಿಂಗ್ಳ ಹಿಂದೆ ಅಧಿಕಾರಿ ಪಾಸ್ ಮಾಡವ್ರೆ. ಇದೋ, ಎಲ್ಲೋ ಮೂಲೇಲಿ ಕೂತಿರೋ ಮುದುಕನ ಕಾಗ್ದ. ಸೋಮ್ವಾರ ಪಂಪ್ ಇಳೀದೆ ಇದ್ರೆ ಕೆಳಹಂತ ಮುಳುಗತ್ತೆ. ಆ ಅಂಕಿ ಹಾಕ್ಬಿಡು, ಮೊದ್ಲಿನ ಹಂಗೇ ನಡೀಲಿ. ಬ್ರೇಕಿನ ವಿಷ್ಯ ಆಗಸ್ಟಲ್ಲಿ ನೋಡೋಣ." ಅವರು ಕೆಟ್ಟವರಲ್ಲ. ಆದರೆ ಅವರು ಆಡಿದ್ದು ನೀನು 1995ರಲ್ಲಿ ಆಡಿದ ಮಾತು.

ಶನಿವಾರ ಬೆಳಿಗ್ಗೆ ಗಣಿಯಲ್ಲಿ ಯಾರೂ ಇರಲಿಲ್ಲ. ಅನುಮತಿ ಕೇಳದೆ, ನಿನ್ನ ಅಂಕಿಗಳನ್ನೂ ಹಾಕದೆ, ನಾನೂ ಕೌಕೊನೂ ಕೇಜಿಗೆ ಕಲ್ಲಿನ ಚೀಲ ತುಂಬಿದೆವು, ಎರಡು ಟನ್ ಇನ್ನೂರು ಕಿಲೋ. ಪಂಪು, ಅವನು, ಜೊತೆಗೊಬ್ಬ, ಅಷ್ಟೇ ಲೆಕ್ಕ. ಶಾಫ್ಟಿನ ಬಾಯಲ್ಲಿ ಕೇಜನ್ನು ಎತ್ತಿ ನಿಲ್ಲಿಸಿದೆ. ಸೀಮೆಸುಣ್ಣದಲ್ಲಿ ಗೆರೆ ಎಳೆದೆ. ಗುಂಡಿ ಒತ್ತಿದೆ. ಬ್ರೇಕು ಬಿತ್ತು. ಮೋಟಾರು ಬಿಟ್ಟುಕೊಟ್ಟಿತು.

ನಿಂತಿತು.

ಕೌಕೊ ಗಡಿಯಾರ ನೋಡುತ್ತಿದ್ದ. ಒಂದು ನಿಮಿಷ. ಎರಡು. "ಹಿಡೀತಲ್ಲೇ" ಎಂದ. ಫ್ಲಾಸ್ಕಿನಿಂದ ಕಾಫಿ ಬಗ್ಗಿಸಿಕೊಂಡ. "ಭಾವ ಸುಮ್ನೆ ನಿದ್ದೆ ಕೆಡಿಸ್ಕೊಂಡ ನೋಡು ಇಷ್ಟು ವರ್ಷ" ಎಂದ. ನಾಲ್ಕನೆಯ ನಿಮಿಷಕ್ಕೆ ನನ್ನ ಕಣ್ಣ ಮುಂದೆ ಗೆರೆ ಮೇಲಕ್ಕೆ ಹೋದಂತೆ ಕಂಡಿತು. ಗೆರೆ ಹೋಗುವುದಿಲ್ಲ, ಕೇಜು ಇಳಿಯುತ್ತಿತ್ತು. ಒಂದು ಬೆರಳು, ಒಂದು ಗೇಣು. ಮೋಟಾರಿಗೆ ಮತ್ತೆ ಚಾಲನೆ ಕೊಟ್ಟೆ. ಪರದೆಯ ಮೇಲೆ ದೋಷ ಎಂದು ಬಂತು. ಸುಟ್ಟ ವಾಸನೆ ಬಂತು. ಆಮೇಲೆ ಹಗ್ಗ ಸುತ್ತುವ ಉರುಳೆ ತಿರುಗತೊಡಗಿತು, ನಾನು ಎಂದೂ ಕೇಳದ ವೇಗದಲ್ಲಿ. ನಾವಿಬ್ಬರೂ ಗೋಡೆಗೆ ಒರಗಿ ನಿಂತೆವು.

ಕೆಳಗಿನಿಂದ ಸದ್ದು ಬಂದಾಗ ಕೌಕೊನ ಕೈಯಲ್ಲಿ ಲೋಟ ಹಾಗೇ ಇತ್ತು. ಕಾಫಿ ಚೆಲ್ಲಿರಲಿಲ್ಲ. ಅದನ್ನು ನೆಲದ ಮೇಲಿಟ್ಟು ಹೊರಗೆ ಹೋದ.

ಯಾರಿಗೂ ಪೆಟ್ಟಾಗಿಲ್ಲ. ಕೇಜು ಇಲ್ಲ. ಕೆಳಹಂತ ಬುಧವಾರದ ಹೊತ್ತಿಗೆ ಮುಳುಗಿತು. ಶಾಫ್ಟು ಮುಚ್ಚಿದೆ. ಬರುವ ಚಳಿಗಾಲಕ್ಕೆ ಗಣಿ ತೆರೆಯುತ್ತದೆಯೋ ಇಲ್ಲವೋ ಗೊತ್ತಿಲ್ಲ. ಪೂರ್ತಿ ವರ್ಗಾವಣೆ ಎಂದು ಸಹಿ ಹಾಕಿದವಳು ನಾನಾದ್ದರಿಂದ ನನ್ನನ್ನೂ ಕರೆದಿದ್ದಾರೆ. ನಿನ್ನ ಕಾಗದಗಳನ್ನೆಲ್ಲ ಪೊಲೀಸರಿಗೆ ಕೊಟ್ಟಿದ್ದೇನೆ, ಫ್ಯಾನಿನ ಜೊತೆ ಬಂದ ಚೀಟಿಯನ್ನೂ.

ಹದಿನಾಲ್ಕು ವರ್ಷದ ಹಿಂದೆ ಬಾಗಿಲಲ್ಲಿ ಮ್ಯಾನೇಜರ್ ನಿಂತಿದ್ದಾಗ ನೀನು ಹೇಳಿದ ಒಂದು ಮಾತು ನನಗೆ ಅರ್ಥವಾಗುತ್ತದೆ. ಮೊನ್ನೆ ರಂತಾಲರ ಮುಂದೆ ನಿಂತಾಗ ಇನ್ನೂ ಚೆನ್ನಾಗಿ ಅರ್ಥವಾಯಿತು. ಆದರೆ ಕಾಗದದ ಮೇಲೆ 23 ಜೂನ್ ಎಂದಿದೆ. ಲಕೋಟೆಯ ಮೇಲೆ ಅಂಚೆಯ ಮುದ್ರೆ ಜುಲೈ ಒಂದರದು. ಎರಡೂ ದಿನ ಸೇರಿ ಏಳು ಕೆಲಸದ ದಿನ. ಕೌಕೊ ದಿನಕ್ಕೆ ಎರಡು ಸಲ ಇಳಿಯುತ್ತಾನೆ, ಎರಡು ಸಲ ಹತ್ತುತ್ತಾನೆ. ಎಲ್ಲವೂ ನಿನಗೆ ಗೊತ್ತಿದ್ದು, ಬರೆದೂ ಆಗಿದ್ದ ಮೇಲೆ, ಅವನು ಇಪ್ಪತ್ತೆಂಟು ಸಲ ಆ ಕೇಜಿನಲ್ಲಿ ನಿಂತಿದ್ದ. ಫೋನಿನಲ್ಲಿ ಒಂದು ಮಾತು ಸಾಕಿತ್ತು. ಹೆಸರು ಹೇಳಬೇಕೆಂದೂ ಇರಲಿಲ್ಲ.

ವಿಚಾರಣೆ ಆಗಸ್ಟ್ ಮೂರಕ್ಕೆ, ಬೆಳಿಗ್ಗೆ ಒಂಬತ್ತಕ್ಕೆ. ನಿನಗೂ ನೋಟಿಸು ಬರುತ್ತದೆ. ಹಿಂದಿನ ದಿನ ಸಂಜೆಯ ರೈಲಿಗೆ ಬಂದರೆ ಅನುಕೂಲ. ನಿನ್ನನ್ನು ನಿಲ್ದಾಣದಿಂದ ಕೌಕೊ ಕರೆತರುತ್ತಾನಂತೆ. ತಾನಾಗಿಯೇ ಹೇಳಿದ. "ಮೊಣಕಾಲು ನೋವಿನೋನು, ಅಲ್ಲಿಂದ ನಡ್ಕೊಂಡ್ ಬರೋಕಾಗತ್ತಾ?" ಎಂದ.

ನಾನು ನಿಲ್ದಾಣಕ್ಕೆ ಬರುವುದಿಲ್ಲ.

ಸೈಲಾ